ಫೋಟೋ ತಿದ್ದೋಕೆ ಯಾವ ಸಾಫ್ಟ್‌ವೇರ್? ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ದಾವಣಗೆರೆ, ಚಿತ್ರದುರ್ಗದ ಕಡೆಯವು ಜಾಸ್ತಿ. ಉಚಿತವಾಗಿ ಸಿಗುವ ಓಪನ್ ಸೋರ್ಸ್ (ಒಳಗಿನ ಕೋಡ್ ಎಲ್ಲರಿಗೂ ತೆರೆದಿಟ್ಟ) ಸಾಫ್ಟ್‌ವೇರ್‌ಗಳಲ್ಲಿ ಯಾವುದನ್ನು ಹಾಕಿಕೊಳ್ಳಬೇಕು ಅನ್ನುವುದೇ ಎಲ್ಲರ ಪ್ರಶ್ನೆ. ನಾಲ್ಕು ಪತ್ರಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ.

ಪ್ರಶ್ನೆ: ಸರ್, ನಮ್ಮದೊಂದು ಸಣ್ಣ ಸ್ಟುಡಿಯೋ. ಪಾಸ್‌ಪೋರ್ಟ್ ಫೋಟೋ, ಹಳೇ ಫೋಟೋ ರಿಪೇರಿ, ಸೀಸನ್‌ನಲ್ಲಿ ಮದುವೆ ಆಲ್ಬಂ. ಇಷ್ಟು ವರ್ಷ ಯಾರೋ ಹಾಕಿಕೊಟ್ಟ ಫೋಟೋಶಾಪ್‌ನ ಕ್ರ್ಯಾಕ್ (ಕದ್ದ) ಕಾಪಿಯಲ್ಲೇ ಕೆಲಸ ಮಾಡಿದ್ದೇವೆ. ಅದರ ಜೊತೆ ವೈರಸ್ ಬಂದು ಒಂದು ಮದುವೆಯ ಫೋಟೋಗಳೇ ಹೋಗುವುದರಲ್ಲಿದ್ದವು. ತಿಂಗಳು ತಿಂಗಳು ದುಡ್ಡು ಕಟ್ಟುವ ಶಕ್ತಿ ಇಲ್ಲ. ಜಿಂಪ್ ಅನ್ನೋ ಉಚಿತ ಫೋಟೋ ಎಡಿಟಿಂಗ್ ಸಾಫ್ಟ್‌ವೇರ್ ಹಾಕಿಕೊಂಡರೆ ಎಲ್ಲಾ ಕೆಲಸ ಆಗುತ್ತಾ?
(ಸ್ಟುಡಿಯೋ ಮಾಲೀಕರು, ದಾವಣಗೆರೆ)

ಉತ್ತರ: ಎಲ್ಲಾ ಆಗಲ್ಲ ಸರ್. ಆದರೆ ದಿನಾ ಅಂಗಡಿಗೆ ಬರುವ ಕೆಲಸ ಬಹುಪಾಲು ಆಗುತ್ತದೆ. ಫೋಟೋಶಾಪ್‌ಗೆ ಬದಲಿ ಯಾವುದು ಅಂತ ಹುಡುಕುವುದಕ್ಕಿಂತ, ನನ್ನ ಕೈಗೆ ಬರುವ ಕೆಲಸ ಯಾವ್ಯಾವುದು ಅಂತ ಮೊದಲು ಒಂದು ಹಾಳೆಯಲ್ಲಿ ಬರೆಯಿರಿ. ಆಯ್ಕೆ ಸುಲಭವಾಗುತ್ತದೆ.

ಪಾಸ್‌ಪೋರ್ಟ್ ಫೋಟೋ ತೆಗೆದುಕೊಳ್ಳಿ. 35 ಮಿ.ಮೀ. ಅಗಲ, 45 ಮಿ.ಮೀ. ಎತ್ತರದ ಫೋಟೋ 300 ಡಿಪಿಐ (ಒಂದು ಇಂಚಿಗೆ 300 ಚುಕ್ಕಿ) ಲೆಕ್ಕದಲ್ಲಿ 413 × 531 ಪಿಕ್ಸೆಲ್ ಆಗುತ್ತದೆ. ಜಿಂಪ್‌ನಲ್ಲಿ ಆ ಅಳತೆಗೆ ಕ್ರಾಪ್, ಸ್ಕೇಲ್ ಮಾಡಿ. ಆಮೇಲೆ 'ಕ್ಯಾನ್ವಾಸ್ ಸೈಜ್'ಗೆ ಹೋಗಿ, ಅಗಲ, ಎತ್ತರದ ನಡುವೆ ಇರುವ ಸರಪಳಿ ಗುರುತನ್ನು ಬಿಡಿಸಿ 450 × 600 ಕೊಟ್ಟು 'ಸೆಂಟರ್' ಒತ್ತಿ. ಹಿನ್ನೆಲೆ ಬಣ್ಣ ಬಿಳಿ ಇಟ್ಟುಕೊಂಡು 'ಫ್ಲ್ಯಾಟನ್ ಇಮೇಜ್' ಮಾಡಿದರೆ ಸುತ್ತ ಬಿಳಿ ಅಂಚು ಬರುತ್ತದೆ. ಈಗ 'ಫಿಲ್ಟರ್ಸ್', ಅದರಲ್ಲಿ 'ಮ್ಯಾಪ್', ಅದರಲ್ಲಿ 'ಟೈಲ್'. ಅಲ್ಲೂ ಆ ಸರಪಳಿ ಗುರುತನ್ನು ಬಿಡಿಸಿ 1800 × 1200 ಕೊಡಿ. 4 × 6 ಇಂಚಿನ ಒಂದು ಹಾಳೆಯಲ್ಲಿ ಎಂಟು ಫೋಟೋ ಕರೆಕ್ಟಾಗಿ ಕೂತಿರುತ್ತವೆ. ಒಂದೊಂದನ್ನೂ ಕೈಯಲ್ಲಿ ಜರುಗಿಸಿ ಜೋಡಿಸುವ ಗೋಳಿಲ್ಲ.

ಹಳೇ ಫೋಟೋ ರಿಪೇರಿಗೂ ಜಿಂಪ್ ಸಾಕು. 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ. ಲೇಯರ್‌ನ (ಚಿತ್ರದ ಪದರದ) ಇನ್ನೊಂದು ಕಾಪಿ ಮಾಡಿಕೊಂಡು ಅದರ ಮೇಲೆ ಮಾತ್ರ ಕೈ ಆಡಿಸಿ. ಬಿರುಕು, ಕಲೆಗಳಿಗೆ ಹೀಲ್ ಟೂಲ್ ಇದೆ. ಕಂಟ್ರೋಲ್ ಒತ್ತಿಕೊಂಡು ಪಕ್ಕದ ಚೆನ್ನಾಗಿರುವ ಜಾಗದ ಮೇಲೆ ಕ್ಲಿಕ್ ಮಾಡಿ, ಆಮೇಲೆ ಬಿರುಕಿನ ಮೇಲೆ ಎಳೆಯಿರಿ. ಮುಖದ ಹತ್ತಿರ ಬ್ರಷ್ ಚಿಕ್ಕದಿರಲಿ, ಆತುರ ಬೇಡ. ತೀರಿಕೊಂಡ ಅಜ್ಜನ ಒಂದೇ ಒಂದು ಫೋಟೋ ಹಿಡಿದು ಬರುವವರಿಗೆ ಆ ಕಣ್ಣು, ಆ ಹುಬ್ಬು ಹಾಗೇ ಉಳಿಯಬೇಕು. ನುಣುಪು ಮಾಡಲು ಹೋಗಿ ಚಹರೆಯನ್ನೇ ಬದಲಿಸಬಾರದು.

ತೊಡಕು ಇರುವುದು ಮದುವೆ ಆಲ್ಬಂನಲ್ಲಿ. ಮಾರುಕಟ್ಟೆಯಲ್ಲಿ ಸಿಗುವ ರೆಡಿಮೇಡ್ ಪಿಎಸ್‌ಡಿ (ಫೋಟೋಶಾಪ್ ಫೈಲ್) ಡಿಸೈನ್‌ಗಳನ್ನು ನೀವೂ ಬಳಸುತ್ತೀರಿ ಅಲ್ವಾ? ಜಿಂಪ್ ಪಿಎಸ್‌ಡಿ ಫೈಲ್ ತೆರೆಯುತ್ತದೆ, ಲೇಯರ್‌ಗಳೂ ಬರುತ್ತವೆ. ಆದರೆ ಸ್ಮಾರ್ಟ್ ಆಬ್ಜೆಕ್ಟ್ (ಡಿಸೈನ್ ಒಳಗೆ ಕೂರಿಸಿದ, ಬದಲಿಸಬಹುದಾದ ಚಿತ್ರ), ಕೆಲವು ಎಫೆಕ್ಟ್‌ಗಳು ಇದ್ದ ಹಾಗೇ ಬರುವುದಿಲ್ಲ. ಸೀಸನ್ ನಡುವೆ, ಮೈಮೇಲೆ ಹತ್ತು ಆಲ್ಬಂ ಇರುವಾಗ ಇದಕ್ಕೆ ಕೈ ಹಾಕಬೇಡಿ. ಕೆಲಸ ಕಡಿಮೆ ಇರುವ ತಿಂಗಳಲ್ಲಿ ನಿಮ್ಮದೇ ನಾಲ್ಕಾರು ಪುಟದ ಡಿಸೈನ್ ಜಿಂಪ್‌ನಲ್ಲಿ ಮಾಡಿಟ್ಟುಕೊಳ್ಳಿ. ಊರಿನ ಎಲ್ಲಾ ಆಲ್ಬಂನಲ್ಲೂ ಅದೇ ಗುಲಾಬಿ, ಅದೇ ಅರಮನೆ ಕಾಣುವಾಗ, ನಿಮ್ಮ ಸ್ವಂತ ಡಿಸೈನ್‌ಗೇ ಬೆಲೆ ಬರುತ್ತದೆ ಅಂತ ನನ್ನ ಅಭಿಪ್ರಾಯ.

ಇನ್ನೊಂದು ಮಾತು. ಜಿಂಪ್‌ನಲ್ಲಿ 'ಸೇವ್' ಕೊಟ್ಟರೆ ಅದರದೇ ಎಕ್ಸ್‌ಸಿಎಫ್ ಫೈಲ್ ಆಗುತ್ತದೆ. ಲ್ಯಾಬ್‌ಗೆ ಕಳಿಸುವ ಜೆಪೆಗ್ ಬೇಕಾದರೆ 'ಎಕ್ಸ್‌ಪೋರ್ಟ್' ಮಾಡಬೇಕು. ಫೋಟೋಶಾಪ್ ಅಭ್ಯಾಸ ಇರುವವರು ಮೊದಲ ದಿನವೇ ಇಲ್ಲಿ ಎಡವಿ, ಜಿಂಪ್ ಸರಿ ಇಲ್ಲ ಅಂತ ಬಿಟ್ಟುಬಿಡುತ್ತಾರೆ. ಹಾಕಿಕೊಳ್ಳುವುದಾದರೆ 3.0 ಅಥವಾ ಅದಕ್ಕಿಂತ ಹೊಸದನ್ನೇ ಹಾಕಿಕೊಳ್ಳಿ. 3.0 ಬಂದದ್ದು 2025ರ ಮಾರ್ಚ್‌ನಲ್ಲಿ. ಅದರಲ್ಲಿ ಒಮ್ಮೆ ಹಾಕಿದ ಫಿಲ್ಟರನ್ನು ಆಮೇಲೆ ಮತ್ತೆ ತೆರೆದು ಹೆಚ್ಚು ಕಡಿಮೆ ಮಾಡಬಹುದು, ಹಳೆಯದರಲ್ಲಿ ಈ ಅನುಕೂಲ ಇರಲಿಲ್ಲ. ಅಂಗಡಿ ವ್ಯಾಪಾರಕ್ಕೆ ಬಳಸಿದರೂ ಲೈಸೆನ್ಸ್ ಭಯ ಇಲ್ಲ. 1995ರಲ್ಲಿ ಬರ್ಕ್ಲಿಯ ಇಬ್ಬರು ವಿದ್ಯಾರ್ಥಿಗಳು, ಸ್ಪೆನ್ಸರ್ ಕಿಂಬಲ್ ಮತ್ತು ಪೀಟರ್ ಮ್ಯಾಟಿಸ್, ಶುರು ಮಾಡಿದ ಈ ಕೆಲಸವನ್ನು ಇವತ್ತಿಗೂ ಬೇರೆ ಬೇರೆ ದೇಶದವರು ಸೇರಿ ನಡೆಸಿಕೊಂಡು ಬರುತ್ತಿದ್ದಾರೆ.

ಪ್ರಶ್ನೆ: ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡ್ ಮಾಡುತ್ತೇನೆ. ನುಡಿಯಲ್ಲಿ ಟೈಪ್ ಮಾಡಿದ್ದನ್ನು ಬೇರೆ ಕಡೆ ಹಾಕಿದರೆ ಅಕ್ಷರ ಎಲ್ಲಾ ಇಂಗ್ಲಿಷ್ ಗುರುತುಗಳಾಗಿ ಬರುತ್ತವೆ. ಓಪನ್ ಸೋರ್ಸ್‌ನಲ್ಲಿ ಕನ್ನಡ ಸರಿಯಾಗಿ ಬರುತ್ತಾ?
(ಡಿಟಿಪಿ ಮಾಡುವವರು, ಚಿತ್ರದುರ್ಗ)

ಉತ್ತರ: ಬರುತ್ತದೆ, ಚೆನ್ನಾಗೇ ಬರುತ್ತದೆ. ಆದರೆ ಯೂನಿಕೋಡ್‌ನಲ್ಲಿ, ಅಂದರೆ ಕನ್ನಡದ ಅಕ್ಷರಗಳಿಗೆ ತಮ್ಮದೇ ಸಂಕೇತ ಇರುವ ಪದ್ಧತಿಯಲ್ಲಿ, ಟೈಪ್ ಮಾಡಬೇಕು. ಹಳೇ ಫಾಂಟ್‌ಗಳಲ್ಲಿ ಇಂಗ್ಲಿಷ್ ಅಕ್ಷರದ ಜಾಗದಲ್ಲೇ ಕನ್ನಡದ ಚೂರುಗಳನ್ನು ಇಟ್ಟಿರುತ್ತಾರೆ. ಆ ಫಾಂಟ್ ಇಲ್ಲದ ಕಡೆ ಒಳಗಿನ ಇಂಗ್ಲಿಷ್ ಹೊರಗೆ ಕಾಣುತ್ತದೆ. ನುಡಿಯಲ್ಲೇ ಯೂನಿಕೋಡ್ ಆಯ್ಕೆ ಇದೆ, ಅದಕ್ಕೆ ಬದಲಿಸಿಕೊಳ್ಳಿ. ಹಳೇ ಫೈಲ್‌ಗಳಿಗೆ ಕನ್ವರ್ಟರ್‌ಗಳು ಸಿಗುತ್ತವೆ. ಬದಲಿಸಿದ ಮೇಲೆ ಹೆಸರುಗಳನ್ನು ಮಾತ್ರ ಒಂದೊಂದೇ ಓದಿ ನೋಡಿ.

ಯಾವ ಸಾಫ್ಟ್‌ವೇರ್ ಆದರೂ ಪರೀಕ್ಷೆ ಮಾಡೋಕೆ ನಿಮ್ಮ ಊರಿನ ಹೆಸರೇ ಸಾಕು. 'ಚಿತ್ರದುರ್ಗ' ಅಂತ ಟೈಪ್ ಮಾಡಿ. ತಕಾರದ ಕೆಳಗೆ ಒತ್ತು, ಗಕಾರದ ಪಕ್ಕ ಅರ್ಕಾವತ್ತು, ಎರಡೂ ತಮ್ಮ ಜಾಗದಲ್ಲಿ ಕೂತರೆ ಮುಂದಕ್ಕೆ ಹೋಗಬಹುದು. ಜಿಂಪ್, ಇಂಕ್‌ಸ್ಕೇಪ್ (ರೇಖೆಗಳಲ್ಲಿ ಚಿತ್ರ ಬರೆಯುವ ಸಾಫ್ಟ್‌ವೇರ್) ಎರಡರಲ್ಲೂ ಕೂರುತ್ತದೆ. ಫಾಂಟ್‌ಗೂ ಬರ ಇಲ್ಲ. ನೋಟೋ ಸೆರಿಫ್ ಕನ್ನಡ, ಬಾಲೂ ತಮ್ಮ, ತಿರೋ ಕನ್ನಡ, ಬೆಣ್ಣೆ, ಇವೆಲ್ಲ ಉಚಿತ, ಮುದ್ರಣಕ್ಕೂ ಬಳಸಬಹುದು. ಕಾರ್ಡ್‌ನ ಒಳಪುಟಕ್ಕೆ ತಿರೋ ನನಗೆ ಇಷ್ಟ.

ನಿಮ್ಮ ಕೆಲಸಕ್ಕೆ ಜಿಂಪ್ ಒಂದನ್ನೇ ನಂಬಬೇಡಿ. ಅದು ಮುಖ್ಯವಾಗಿ ಆರ್‌ಜಿಬಿಯಲ್ಲಿ, ಅಂದರೆ ಪರದೆಯ ಕೆಂಪು, ಹಸಿರು, ನೀಲಿ ಬಣ್ಣಗಳಲ್ಲಿ ಕೆಲಸ ಮಾಡುತ್ತದೆ. ಆಫ್‌ಸೆಟ್ ಪ್ರೆಸ್‌ನವರು ಕೇಳುವುದು ಸಿಎಂವೈಕೆ, ಅಂದರೆ ಮುದ್ರಣದ ನಾಲ್ಕು ಶಾಯಿಗಳ ಬಣ್ಣ. ಬಳ್ಳಿ, ಬಾರ್ಡರ್, ಗಣಪತಿ ಚಿತ್ರ ಇಂಥವನ್ನು ಇಂಕ್‌ಸ್ಕೇಪ್‌ನಲ್ಲಿ ಬರೆಯಿರಿ, ಎಷ್ಟು ದೊಡ್ಡದು ಮಾಡಿದರೂ ಒಡೆಯುವುದಿಲ್ಲ. ಪುಟ ಜೋಡಿಸಿ ಸಿಎಂವೈಕೆ ಪಿಡಿಎಫ್ ತೆಗೆಯೋಕೆ ಸ್ಕ್ರೈಬಸ್. ಅದರಲ್ಲಿ 1.6 ಅಥವಾ ಅದಕ್ಕಿಂತ ಹೊಸದೇ ಇರಲಿ. ಹಳೇ 1.4ರಲ್ಲಿ ಒತ್ತಕ್ಷರ ಚೆಲ್ಲಾಪಿಲ್ಲಿಯಾಗುತ್ತವೆ. ಮೊದಲ ಕಾರ್ಡ್ ಅಚ್ಚಿಗೆ ಕೊಡುವ ಮುಂಚೆ ಪ್ರೆಸ್‌ನಲ್ಲಿ ಒಂದು ಪ್ರೂಫ್ ತೆಗೆಸಿ ನೋಡಿ. ಪರದೆಯ ಮೇಲೆ ಹೊಳೆಯುವ ಕೆಂಪು, ಹಸಿರು ಕಾಗದದ ಮೇಲೆ ಸ್ವಲ್ಪ ಮಂಕಾಗುತ್ತವೆ, ಗಿರಾಕಿಗೂ ಅದನ್ನು ಮೊದಲೇ ಹೇಳಿಬಿಡಿ.

ಪ್ರಶ್ನೆ: ಬೆಳಗ್ಗೆ ಬೇಗ ಕೋಟೆ ಹತ್ತಿ ಫೋಟೋ ತೆಗೆಯುತ್ತೇನೆ ಸರ್. ಮಾಮನ ಡಿಎಸ್ಎಲ್ಆರ್. ಆಕಾಶ ಬೆಳ್ಳಗೆ, ಬಂಡೆ ಕಪ್ಪಗೆ ಬರುತ್ತದೆ. ಯಾವುದರಲ್ಲಿ ಸರಿ ಮಾಡಲಿ?
(ಕಾಲೇಜು ವಿದ್ಯಾರ್ಥಿ, ಚಿತ್ರದುರ್ಗ)

ಉತ್ತರ: ಕ್ಯಾಮೆರಾದಲ್ಲಿ ಮೊದಲು ರಾ ಫೈಲ್ (ಕ್ಯಾಮೆರಾ ಕಂಡದ್ದನ್ನು ಸಂಸ್ಕರಿಸದೆ ಇಡುವ ಫೈಲ್) ಆನ್ ಮಾಡು ತಮ್ಮಾ. ಬರೀ ಜೆಪೆಗ್ ಇದ್ದರೆ ಎಡಿಟಿಂಗ್‌ನಲ್ಲಿ ಹೆಚ್ಚೇನೂ ಮಾಡೋಕೆ ಬರಲ್ಲ. ರಾ ಫೈಲ್ ತಿದ್ದೋಕೆ ಡಾರ್ಕ್‌ಟೇಬಲ್ ಅನ್ನೋ ಸಾಫ್ಟ್‌ವೇರ್ ಹಾಕಿಕೋ. ಎಕ್ಸ್‌ಪೋಷರ್‌ಗೆ ಗ್ರೇಡಿಯಂಟ್ ಮಾಸ್ಕ್ ಹಾಕಿ ಕೆಳಗಿನ ಬಂಡೆಯ ಭಾಗಕ್ಕೆ ಮಾತ್ರ ಬೆಳಕು ಏರಿಸಬಹುದು, ಆಕಾಶ ಇದ್ದಲ್ಲೇ ಇರುತ್ತದೆ. ಆದರೆ ಪೂರ್ತಿ ಬೆಳ್ಳಗಾದ ಆಕಾಶವನ್ನು ಯಾವ ಸಾಫ್ಟ್‌ವೇರೂ ವಾಪಸ್ ತರಲ್ಲ. ಅದಕ್ಕೇ ತೆಗೆಯುವಾಗಲೇ ಆಕಾಶದ ಬೆಳಕಿಗೆ ಅಳತೆ ಮಾಡು, ಬಂಡೆ ಸ್ವಲ್ಪ ಕಪ್ಪಾದರೂ ಪರವಾಗಿಲ್ಲ, ಆಮೇಲೆ ಎತ್ತಬಹುದು. ಡಾರ್ಕ್‌ಟೇಬಲ್ ನಿನ್ನ ಮೂಲ ಫೈಲ್ ಮುಟ್ಟುವುದಿಲ್ಲ. ಮಾಡಿದ ಬದಲಾವಣೆಯನ್ನೆಲ್ಲ ಪಕ್ಕದಲ್ಲೇ ಒಂದು ಸಣ್ಣ ಎಕ್ಸ್ಎಂಪಿ ಫೈಲ್‌ನಲ್ಲಿ ಬರೆದಿಡುತ್ತದೆ. ಫೋಟೋ ಬೇರೆ ಕಡೆ ಕಾಪಿ ಮಾಡುವಾಗ ಅದನ್ನೂ ಜೊತೆಗೆ ಒಯ್ಯಿ. ಲ್ಯಾಪ್‌ಟಾಪ್‌ನಲ್ಲಿ ತುಂಬಾ ನಿಧಾನ ಅನಿಸಿದರೆ ರಾಥೆರಪಿ ಒಮ್ಮೆ ನೋಡು, ಅದೂ ಓಪನ್ ಸೋರ್ಸೇ.

ಪ್ರಶ್ನೆ: ನಮ್ಮ ಶಾಲೆಯ ಕಂಪ್ಯೂಟರ್‌ಗಳು ಹಳೆಯವು, 4 ಜಿಬಿ ರ‍್ಯಾಮ್. ಮಕ್ಕಳಿಗೆ ಏನು ಹಾಕಿಕೊಡಲಿ? ಎಲ್ಲಿಂದ ಡೌನ್‌ಲೋಡ್ ಮಾಡಿದರೆ ಕ್ಷೇಮ?
(ಶಿಕ್ಷಕಿ, ಚಳ್ಳಕೆರೆ ತಾಲ್ಲೂಕು)

ಉತ್ತರ: ಚಿಕ್ಕ ಮಕ್ಕಳಿಗೆ ಚಿತ್ರ ಬರೆಯುವ ಟಕ್ಸ್ ಪೇಂಟ್ ಹಾಕಿ ಮೇಡಂ. ದೊಡ್ಡ ಗುಂಡಿಗಳು, ಒತ್ತಿದರೆ ಸದ್ದು, ಹಳೇ ಕಂಪ್ಯೂಟರ್‌ನಲ್ಲೂ ಓಡುತ್ತದೆ. ಹೈಸ್ಕೂಲ್ ಮಕ್ಕಳಿಗೆ ಜಿಂಪ್ ಇರಲಿ. ಮೊಬೈಲ್‌ನಲ್ಲಿ ತೆಗೆದ ದೊಡ್ಡ ಫೋಟೋವನ್ನು ಹಾಗೇ ತೆರೆಯದೆ, 1600 ಪಿಕ್ಸೆಲ್ ಅಗಲಕ್ಕೆ ಇಳಿಸಿಕೊಂಡರೆ 4 ಜಿಬಿಯಲ್ಲೂ ಕೆಲಸ ಸಾಗುತ್ತದೆ. ಚಿತ್ರ ಬರೆಯುವ ಹುಚ್ಚು ಇರುವ ಮಕ್ಕಳಿಗೆ ಕ್ರಿಟಾ ತುಂಬಾ ಚೆನ್ನಾಗಿದೆ, ಆದರೆ ಅದಕ್ಕೆ ಸ್ವಲ್ಪ ಗಟ್ಟಿ ಕಂಪ್ಯೂಟರ್ ಬೇಕು, ಲ್ಯಾಬ್‌ನಲ್ಲಿ ಇದ್ದುದರಲ್ಲಿ ಒಳ್ಳೆಯ ಒಂದಕ್ಕೆ ಹಾಕಿ ನೋಡಿ. ಎಷ್ಟು ಕಂಪ್ಯೂಟರ್‌ಗೆ ಬೇಕಾದರೂ ಹಾಕಬಹುದು. ಪೆನ್‌ಡ್ರೈವ್‌ನಲ್ಲಿ ಮಕ್ಕಳ ಮನೆಗೂ ಕೊಟ್ಟು ಕಳಿಸಬಹುದು, ಯಾರೂ ತಕರಾರು ಮಾಡುವಂತಿಲ್ಲ.

ಡೌನ್‌ಲೋಡ್‌ಗೆ ಜಿಂಪ್ ಡಾಟ್ ಆರ್ಗ್, ಕ್ರಿಟಾ ಡಾಟ್ ಆರ್ಗ್, ಇಂಕ್‌ಸ್ಕೇಪ್ ಡಾಟ್ ಆರ್ಗ್, ಟಕ್ಸ್‌ಪೇಂಟ್ ಡಾಟ್ ಆರ್ಗ್. ವಿಳಾಸವನ್ನು ನೀವೇ ಟೈಪ್ ಮಾಡಿ. ಹುಡುಕಿದಾಗ ಮೇಲೆ ಬರುವ ಜಾಹೀರಾತನ್ನು ಒತ್ತಬೇಡಿ, ಅದೇ ಹೆಸರಿನ ನಕಲಿ ಸೈಟ್‌ಗಳು ಇರುತ್ತವೆ. ಮೈಕ್ರೋಸಾಫ್ಟ್ ಸ್ಟೋರ್‌ನಲ್ಲಿ ಕ್ರಿಟಾಗೆ ದುಡ್ಡು ಕೇಳುತ್ತದೆ. ಅದು ಮೋಸ ಅಲ್ಲ, ಆ ಹಣ ಕ್ರಿಟಾ ಮಾಡುವವರಿಗೇ ಹೋಗುತ್ತದೆ. ಅವರ ಸ್ವಂತ ಸೈಟ್‌ನಲ್ಲಿ ಅದೇ ಕ್ರಿಟಾ ಉಚಿತ.