ಬೇಡಿ ಬೀಳದಿದ್ದರೆ ಕತೆ ಮುಗಿಯಲಿಲ್ವಾ, ಮೇಷ್ಟ್ರೇ?

ಶಿವಮೊಗ್ಗದಿಂದ ನಿವೃತ್ತ ಮೇಷ್ಟ್ರೊಬ್ಬರು ಸಿಟ್ಟಿನ ಕಾಗದ ಬರೆದಿದ್ದಾರೆ. ಹೋದ ಸಂಚಿಕೆಯಲ್ಲಿ ನಾನು ಹೊಗಳಿದ್ದ ‘ಚೈನಾಟೌನ್’ ಅನ್ನುವ ಹಾಲಿವುಡ್ ಪತ್ತೇದಾರಿ ಚಿತ್ರವನ್ನು ಮೊಮ್ಮಗನಿಗೆ ದುಂಬಾಲು ಬಿದ್ದು ಹಾಕಿಸಿಕೊಂಡು ನೋಡಿದರಂತೆ. ‘ಎರಡು ಗಂಟೆಗೂ ಜಾಸ್ತಿ ಕೂತೆ. ಸಿಕ್ಕಿದ್ದೇನು? ಹೆಂಗಸು ಸತ್ತಳು, ಮುದುಕ ಗೆದ್ದ, ಪತ್ತೇದಾರ ಪೆದ್ದನ ಹಾಗೆ ನಿಂತ. ಅಪರಾಧಿಗೆ ಬೇಡಿ ಬೀಳದ ಮೇಲೆ ಅದೆಂಥ ಪತ್ತೇದಾರಿ ಕತೆ?’ ಅಂತ ಕೇಳಿದ್ದಾರೆ. (ಚಿತ್ರ ನೋಡದವರು ಮುಂದಿನ ಪುಟಕ್ಕೆ ಹೋಗಿ ಅನ್ನಬೇಕಿತ್ತು. ಮೇಷ್ಟ್ರು ಗುಟ್ಟು ಆಗಲೇ ಒಡೆದುಬಿಟ್ಟರು.)

ಮೇಷ್ಟ್ರೇ, ನಿಮ್ಮ ಸಂಕಟ ಸುಳ್ಳಲ್ಲ. ಆ ಕೊನೆ ಕ್ರೂರವೇ. ಚಿತ್ರಕತೆ ಬರೆದ ರಾಬರ್ಟ್ ಟೌನ್ ಕೂಡ ನಿಮ್ಮ ಪಕ್ಷದವರು. ಮುದುಕ ಸಾಯಬೇಕು, ಅವಳು ಬದುಕಬೇಕು ಅಂತ ಹಟ ಹಿಡಿದಿದ್ದರು. ನಿರ್ದೇಶಕ ರೋಮನ್ ಪೊಲಾನ್ಸ್ಕಿ ಒಪ್ಪಲಿಲ್ಲ. 1974ರ ಈ ಚಿತ್ರ 11 ಆಸ್ಕರ್‌ಗಳಿಗೆ ನಾಮನಿರ್ದೇಶನಗೊಂಡು ಗೆದ್ದದ್ದು ಒಂದೇ. ಅದೂ ಚಿತ್ರಕತೆಗೆ! ಎಷ್ಟೋ ವರ್ಷದ ಮೇಲೆ, ಪೊಲಾನ್ಸ್ಕಿಯೇ ಸರಿ ಅಂತ ಟೌನ್ ಒಪ್ಪಿಕೊಂಡರು. ನೀವೂ ಒಪ್ಪುತ್ತೀರಿ, ಸ್ವಲ್ಪ ತಡೆಯಿರಿ.

ಎರಡು ಪುಟದ ನಿಮ್ಮ ಕಾಗದದಲ್ಲಿ ನೀರು ಅನ್ನುವ ಮಾತೇ ಇಲ್ಲ. ಮಲೆನಾಡಿನ ಬಾಗಿಲಲ್ಲಿ ಕೂತವರಿಗೆ ನೀರು ಕಣ್ಣಿಗೆ ಬೀಳುವುದಿಲ್ಲವೋ ಏನೋ. 1937ರ ಲಾಸ್ ಏಂಜಲೀಸ್. ಬರ. ಆದರೂ ರಾತ್ರಿ ಹೊತ್ತು ಯಾರೋ ಸಿಹಿನೀರನ್ನು ಸಮುದ್ರಕ್ಕೆ ಬಿಡುತ್ತಿದ್ದಾರೆ. ಕಣಿವೆಯ ಜಮೀನು ಮೂರು ಕಾಸಿಗೆ ಕೈಬದಲಾಗುತ್ತಿದೆ. ಎಲ್ಲದರ ಹಿಂದೆ ಇರುವವನು, ಗೆದ್ದ ಅಂತ ನೀವು ಬರೆದ ಅದೇ ಮುದುಕ. ಪತ್ತೇದಾರ ಗಿಟ್ಟಿಸ್ ಪಿಸ್ತೂಲು ಹಿಡಿದು ಓಡುವುದಿಲ್ಲ, ದಾಖಲೆ ಕಚೇರಿಗೆ ಹೋಗುತ್ತಾನೆ. ಗುಮಾಸ್ತನ ಹತ್ತಿರ ಸ್ಕೇಲು ಕೇಳಿ ಪಡೆದು, ಹಾಳೆ ಮೇಲಿಟ್ಟು, ಜೋರಾಗಿ ಕೆಮ್ಮುತ್ತಾ ಹೊಸ ಮಾಲೀಕರ ಹೆಸರಿರುವ ಭಾಗವನ್ನೇ ಹರಿದುಕೊಳ್ಳುತ್ತಾನೆ. ಮಾಲೀಕರು ಯಾರು ಅಂದರೆ, ವೃದ್ಧಾಶ್ರಮದ ಮುದುಕ ಮುದುಕಿಯರು! ಒಬ್ಬನಂತೂ ಸತ್ತು ಎರಡು ವಾರವಾಗಿದೆ, ಜಮೀನು ಕೊಂಡದ್ದು ಹೋದ ವಾರ.

ನಾನು ಇಲ್ಲಿ ನಗಬೇಕಿತ್ತು, ನಗು ಬರಲಿಲ್ಲ. ಅಪ್ಪನ ಜಮೀನಿನ ಪಹಣಿ ತೆಗೆಸಲು ಒಂದು ಕಚೇರಿಗೆ ಆರು ಸಲ ಅಲೆದಿದ್ದೆ. ಏಳನೇ ಸಲ ಕೈಗೆ ಬಂದ ಪಹಣಿಯ ಸಾಗುವಳಿದಾರರ ಕಾಲಂನಲ್ಲಿ, ತೀರಿಹೋಗಿ ಹನ್ನೊಂದು ವರ್ಷವಾಗಿದ್ದ ಪಕ್ಕದ ಹೊಲದವರ ಹೆಸರು. ‘ಅವರು ಬಂದು ಸಹಿ ಹಾಕಿದರೆ ಸರಿಮಾಡ್ತೀವಿ’ ಅಂದರು. ಬೇನಾಮಿ ಅನ್ನುವ ಮಾತು ಗೊತ್ತಿರುವ ನಮಗೆ ಈ ಚಿತ್ರಕ್ಕೆ ಸಬ್‌ಟೈಟಲ್ಲೇ ಬೇಡ.

ಇನ್ನು ಬೇಡಿಯ ವಿಷಯ. ಚಿತ್ರದ ಬೇರು ನಿಜವಾದದ್ದು. 1905ರ ಹೊತ್ತಿಗೆ ಲಾಸ್ ಏಂಜಲೀಸ್‌ನ ಮಾಜಿ ಮೇಯರ್ ಫ್ರೆಡ್ ಈಟನ್ ದೂರದ ಓವೆನ್ಸ್ ಕಣಿವೆಯಲ್ಲಿ ಜಮೀನು, ನೀರಿನ ಹಕ್ಕು ಕೊಂಡರು. ಸರ್ಕಾರ ತಮಗೇ ನೀರಾವರಿ ಮಾಡಿಕೊಡುತ್ತದೆ ಅಂತ ಅಲ್ಲಿನ ರೈತರು ನಂಬಿ ಕೂತಿದ್ದರು. 1913ರಲ್ಲಿ ಎಂಜಿನಿಯರ್ ವಿಲಿಯಂ ಮುಲ್ಹಾಲಂಡ್ ಅಲ್ಲಿಂದ ಲಾಸ್ ಏಂಜಲೀಸ್‌ಗೆ 233 ಮೈಲಿ ಕಾಲುವೆ ಮುಗಿಸಿದರು. ಒಂದು ಪಂಪೂ ಇಲ್ಲ, ಬರೀ ಇಳಿಜಾರು. ಆ ಜಾಣತನಕ್ಕೆ ಕೈ ಮುಗಿಯಬೇಕು. ಆದರೆ ನೀರು ಬಂದು ಇಳಿದ ಸಾನ್ ಫರ್ನಾಂಡೊ ಕಣಿವೆಯಲ್ಲಿ ದುಡ್ಡಿನವರು ಮೊದಲೇ ಜಮೀನು ಹಿಡಿದಿಟ್ಟಿದ್ದರು. ಅವರಲ್ಲಿ ಊರಿನ ದೊಡ್ಡ ಪತ್ರಿಕೆಯ ಮಾಲೀಕರೂ ಒಬ್ಬರು. ಕಾಲುವೆ ಬೇಕೇ ಬೇಕು ಅಂತ ಬರೆದದ್ದೂ ಅದೇ ಪತ್ರಿಕೆ. ನನ್ನ ಕಸುಬಿನವರ ಬಗ್ಗೆ ಇದನ್ನು ಬರೆಯಲು ನಾಚಿಕೆಯಾಗುತ್ತದೆ. 1924ರಲ್ಲಿ ಓವೆನ್ಸ್ ಕಣಿವೆಯವರು ಕಾಲುವೆಗೆ ಡೈನಮೈಟ್ ಇಟ್ಟರು, ತೂಬು ತೆರೆದು ಅಲ್ಲೇ ಬೀಡುಬಿಟ್ಟರು. ನೀರು ಮಾತ್ರ ಪಟ್ಟಣಕ್ಕೇ ಹೋಯಿತು. ಓವೆನ್ಸ್ ಸರೋವರ ಒಣಗಿ ಧೂಳಾಯಿತು.

ಸಿನಿಮಾ ವರ್ಷ ಬದಲಿಸಿದೆ, ಹೆಸರು ಬದಲಿಸಿದೆ, ಅದು ಇತಿಹಾಸದ ಪುಸ್ತಕವಲ್ಲ, ಒಪ್ಪಿದೆ. ಆದರೆ ನೀರು ಹೋದ ಮೇಲೆ ಅಲ್ಲಿ ಯಾರಿಗೆ ಬೇಡಿ ಬಿತ್ತು, ನೀವೇ ಹೇಳಿ. ಪೊಲಾನ್ಸ್ಕಿ ಮುದುಕನನ್ನು ಸಾಯಿಸಿದ್ದರೆ ನಾವು ಸಮಾಧಾನವಾಗಿ ಊಟ ಮಾಡಿ ಮಲಗುತ್ತಿದ್ದೆವು. ನೀವಾದರೋ ಎರಡು ಪುಟ ಬರೆದಿದ್ದೀರಿ. ಈ ಚಿತ್ರ ನಿಮ್ಮಿಂದ ತೆಗೆದ ಕೆಲಸವನ್ನು ಈಗಿನ ಯಾವ ವೆಬ್ ಸರಣಿ ತೆಗೆದಿದೆ? ಅವುಗಳಲ್ಲಿ ಕೊಲೆಗಾರ ಸಿಕ್ಕಿಬೀಳುತ್ತಾನೆ, ಹತ್ತು ನಿಮಿಷ ತಾನು ಮಾಡಿದ್ದನ್ನೆಲ್ಲ ಒದರುತ್ತಾನೆ, ಹಿಂದೆ ಡೋಲು ಬಡಿಯುತ್ತದೆ. ನಾವು ಮೊಬೈಲ್ ನೋಡುತ್ತಾ ಇರುತ್ತೇವೆ.

ಸಿನಿಮಾದವರನ್ನೇ ಬೈದು ಏನು ಬಂತು. ನಮ್ಮ ಆಫೀಸಿಗೆ ಹೊಸದಾಗಿ ಬರುವ ಹುಡುಗರನ್ನು ಸಬ್ ರಿಜಿಸ್ಟ್ರಾರ್ ಕಚೇರಿಗೆ ಕಳಿಸಿದರೆ ಮಧ್ಯಾಹ್ನಕ್ಕೇ ವಾಪಸು ಬರುತ್ತಾರೆ. ‘ಸಾರ್, ಅಲ್ಲಿ ಯಾರೂ ಬೈಟ್ ಕೊಡಲ್ಲ!’ ಬೈಟ್ ಅಂದರೆ ಕ್ಯಾಮೆರಾ ಮುಂದೆ ಎರಡು ಮಾತು. ಹಾಳೆ ಬೈಟ್ ಕೊಡುತ್ತದೆಯೇನಪ್ಪಾ? ಕೂತು ಓದಬೇಕು. ಕಣ್ಣು ಉರಿಯುತ್ತದೆ, ಧೂಳಿಗೆ ಸೀನು ಬರುತ್ತದೆ. ಗಿಟ್ಟಿಸ್‌ನ ಮೂಗನ್ನೇ ಕೊಯ್ದರು. ಕೊಯ್ಯುವ ಆ ಕುಳ್ಳ ರೌಡಿ ಸ್ವತಃ ಪೊಲಾನ್ಸ್ಕಿ, ಗಮನಿಸಿದಿರಾ? ನಾಯಕನೊಬ್ಬ ಅಷ್ಟು ಹೊತ್ತು ಮೂಗಿಗೆ ಪಟ್ಟಿ ಕಟ್ಟಿಕೊಂಡು ತಿರುಗುವುದನ್ನು ನಮ್ಮ ಯಾವ ಸ್ಟಾರು ಒಪ್ಪುತ್ತಾನೆ!

ಇನ್ನೊಂದು ಸಲ ನೋಡಿ, ಮೇಷ್ಟ್ರೇ. ಈ ಸಲ ಮೊಮ್ಮಗನನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ಗಿಟ್ಟಿಸ್ ಕೆಮ್ಮಿದಾಗ ಚಿತ್ರ ನಿಲ್ಲಿಸಿ, ಪಹಣಿ ಅಂದರೆ ಏನು ಅಂತ ಅವನಿಗೆ ಹೇಳಿಕೊಡಿ. ಚಂದಾ ನಿಲ್ಲಿಸುತ್ತೇನೆ ಅಂತ ಕೊನೆಯಲ್ಲಿ ಬೆದರಿಸಿದ್ದೀರಲ್ಲ, ಅದು ಮಾರ್ಚ್‌ವರೆಗೆ ಇದೆ. ಅಲ್ಲಿಯವರೆಗೆ ಜಗಳ ಆಡೋಣ.