ಡಾರ್ವಿನ್ ಹೆಸರು ಉಳಿಯಲಿ, ಸಾಲು ಬದಲಾಗಲಿ

‘ನಾಸ್ತಿಕರು’ ಎಂಬ ಸಾಲಿನಲ್ಲಿ ಡಾರ್ವಿನ್ ಹೆಸರೂ ಇರುವ ಭಿತ್ತಿಪತ್ರ ಮಾಡುತ್ತಿರುವ ನೀವು, ‘ಡಾರ್ವಿನ್ ಸಾಯುವ ಮುನ್ನ ದೇವರಿಗೆ ಶರಣಾದರು’ ಎಂಬ ಸಂದೇಶ ಬಂದ ಮೇಲೆ ಅವರ ಹೆಸರು ತೆಗೆಯಬೇಕೇ ಎಂದು ಕೇಳಿದ್ದೀರಿ. ಆ ಸಂದೇಶದ ಮೂಲ ಬಹುಶಃ ಕ್ರೈಸ್ತ ಧರ್ಮಪ್ರಚಾರಕಿ ಲೇಡಿ ಹೋಪ್ ಹೇಳಿದ ಕಥೆ. ಡಾರ್ವಿನ್ ತೀರಿಕೊಂಡದ್ದು 1882ರಲ್ಲಿ, ಕಥೆ ಅಚ್ಚಾದದ್ದು 1915ರಲ್ಲಿ. ಕೊನೆಗಾಲದಲ್ಲಿ ಹಾಸಿಗೆಯ ಬಳಿಯೇ ಇದ್ದ ಮಗಳು ಹೆನ್ರಿಯೆಟಾ 1922ರಲ್ಲಿ ಅದನ್ನು ಸಾರಾಸಗಟಾಗಿ ಅಲ್ಲಗಳೆದರು. ಹಾಗಾಗಿ ನಿಮ್ಮ ಭಿತ್ತಿಪತ್ರದಿಂದ ಹೆಸರು ತೆಗೆಯಲೇಬೇಡಿ.

ಆದರೆ ಮೊದಲು ‘ನಾಸ್ತಿಕರು’ ಎಂಬ ಸಾಲಿನಿಂದ ಅವರನ್ನು ಬಿಡಿಸಿ. ದೇವರೇ ಇಲ್ಲ ಎನ್ನುವ ಅರ್ಥದಲ್ಲಿ ತಾನೆಂದೂ ನಾಸ್ತಿಕನಾಗಿರಲಿಲ್ಲ, ತನ್ನ ಅಭಿಪ್ರಾಯ ಆಗಾಗ ಹೊಯ್ದಾಡುತ್ತದೆ ಎಂದು ಜಾನ್ ಫೋರ್ಡೈಸ್ ಎಂಬ ಲೇಖಕರಿಗೆ 1879ರಲ್ಲಿ ಪತ್ರ ಬರೆದಿದ್ದಾರೆ. ‘ಅಜ್ಞೇಯವಾದಿ’ (ದೇವರು ಇದ್ದಾನೋ ಇಲ್ಲವೋ ತಿಳಿಯಲಾಗದು ಎನ್ನುವವರು) ಎಂಬುದು ಅವರೇ ಒಪ್ಪಿದ ಪದ. ಅದನ್ನೇ ಹಾಕಿ, ಪಕ್ಕದಲ್ಲಿ ಪತ್ರದ ವರ್ಷ ಬರೆಯಿರಿ. ವರ್ಷ ಮುಖ್ಯ, ಏಕೆಂದರೆ ಅವರ ನಿಲುವು ಬದಲಾಗುತ್ತ ಬಂದಿತ್ತು; ಯೌವನದಲ್ಲಿ ಅವರು ಪಾದ್ರಿಯಾಗಲೆಂದೇ ಕೇಂಬ್ರಿಜ್‌ಗೆ ಹೋಗಿದ್ದವರು. ಉಳಿದವರ ಹೆಸರನ್ನೂ ಅವರವರ ಬರಹ ಕಣ್ಣಾರೆ ಕಂಡ ಮೇಲಷ್ಟೇ ಸೇರಿಸಿ.