ಕತ್ತಲಾದರೆ ಕೈಕೊಡುವ ಕ್ಯಾಮೆರಾ

ಪ್ರಶ್ನೆ: ಮನೆಯಿಂದ ಅಡಿಕೆ ಒಣಗಿಸುವ ಅಂಗಳಕ್ಕೆ 60 ಮೀಟರ್ ದೂರ. ಮೊದಲೇ ಎಳೆದಿದ್ದ ಕ್ಯಾಟ್ 5ಇ ನೆಟ್‌ವರ್ಕ್ ಕೇಬಲ್‌ನಲ್ಲೇ ಸಿಸಿ ಕ್ಯಾಮೆರಾ ಹಾಕಿಸಿದ್ದೇವೆ. ಎರಡೂ ತುದಿಗೆ ಬಲುನ್ (ಕ್ಯಾಮೆರಾದ ವಿಡಿಯೊವನ್ನು ಇಂಥ ಜೋಡಿ ತಂತಿಯಲ್ಲಿ ಕಳಿಸಲು ಹಾಕುವ ಪುಟ್ಟ ಕನೆಕ್ಟರ್) ಇದೆ. ಅಡಾಪ್ಟರ್ ಮನೆಯಲ್ಲಿದೆ. ಹಗಲು ಚಿತ್ರ ಚೆನ್ನಾಗಿದೆ. ಕತ್ತಲಾದರೆ ಆಫ್ ಆಗುತ್ತದೆ, ಮತ್ತೆ ಆನ್ ಆಗುತ್ತದೆ, ರಾತ್ರಿಯಿಡೀ ಇದೇ ಕತೆ. ರಿಪೇರಿಯವರು 3+1 ಕೇಬಲ್ (ವಿಡಿಯೊಗೆ ಒಂದು, ಜೊತೆಗೆ ಬೇರೆ ಮೂರು ತಂತಿ ಇರುವ ಸಿಸಿ ಕ್ಯಾಮೆರಾ ಕೇಬಲ್) ಹೊಸದಾಗಿ ಎಳೆಯಬೇಕು ಅಂತಾರೆ. ಜೋಡಣೆಯ ಫೋಟೊ ಕಳಿಸಿದ್ದೇವೆ.
– ತೀರ್ಥಹಳ್ಳಿ ಕಡೆಯ ಓದುಗರು

ಉತ್ತರ: ಸ್ವಲ್ಪ ತಡೆಯಿರಿ, ಈಗಲೇ ದುಡ್ಡು ಬಿಚ್ಚಬೇಡಿ. ಹಗಲು ಚಿತ್ರ ಸರಿಯಾಗಿದೆ ಅಂದಮೇಲೆ ವಿಡಿಯೊದ ತಂತಿಯಲ್ಲಿ ದೋಷವಿಲ್ಲ. ಕ್ಯಾಮೆರಾಗೆ ಕರೆಂಟ್ ಸಾಲುತ್ತಿಲ್ಲ, ಅಷ್ಟೇ.

ನಿಮ್ಮ ಕೇಬಲ್‌ನೊಳಗೆ ನಾಲ್ಕು ಬಣ್ಣದ ನಾಲ್ಕು ಜೋಡಿ ತಂತಿಗಳಿವೆ. ಫೋಟೊದಲ್ಲಿ ಕಿತ್ತಳೆ ಜೋಡಿ ಬಲುನ್‌ಗೆ ಹೋಗಿದೆ. ಅದು ಸರಿ. ವಿಡಿಯೊಗೆ ಒಂದಕ್ಕೊಂದು ಸುತ್ತಿಕೊಂಡ ಜೋಡಿಯೇ ಬೇಕು. ಆದರೆ 12 ವೋಲ್ಟ್ ಕಳಿಸಿರುವುದು ನೀಲಿ ಜೋಡಿಯಲ್ಲಿ ಮಾತ್ರ. ಹಸಿರು, ಕಂದು ಜೋಡಿಗಳನ್ನು ಕತ್ತರಿಸಿ ಟೇಪ್ ಸುತ್ತಿ ಸುಮ್ನೆ ಬಿಟ್ಟಿದ್ದಾರೆ!

ಈ ಕೂದಲೆಳೆ ತಾಮ್ರದಲ್ಲಿ 60 ಮೀಟರ್ ಹೋಗಿ ಬರುವಷ್ಟರಲ್ಲಿ ಸುಮಾರು 10 ಓಮ್ ಅಡ್ಡಿ. ಹಗಲು ಕ್ಯಾಮೆರಾ 0.1 ಆಂಪಿಯರ್ ಎಳೆದರೆ 1 ವೋಲ್ಟ್ ನಷ್ಟ, 11 ಉಳಿಯುತ್ತದೆ. ಕತ್ತಲಾದಾಗ ಅದರ ಇನ್‌ಫ್ರಾರೆಡ್ ದೀಪಗಳು ಹೊತ್ತಿ 0.3 ಆಂಪಿಯರ್ ಎಳೆದರೆ ಉಳಿಯುವುದು ಬರೀ 9. ಕ್ಯಾಮೆರಾ ಕೈಕೊಡುತ್ತದೆ. ಆಫ್ ಆದಾಗ ದೀಪಗಳೂ ಆರುತ್ತವೆ, ವೋಲ್ಟೇಜ್ ಏರುತ್ತದೆ, ಮತ್ತೆ ಆನ್ ಆಗುತ್ತದೆ. ರಾತ್ರಿ ಕ್ಯಾಮೆರಾ ಆನ್ ಇರುವಾಗ ಅದರ ಕಡೆಯ ತುದಿಗೆ ಮಲ್ಟಿಮೀಟರ್ ಹಿಡಿಸಿದರೆ ನಿಮಗೇ ಗೊತ್ತಾಗುತ್ತದೆ.

ಅಡಾಪ್ಟರ್ ಪ್ಲಗ್ ತೆಗೆದು ಎರಡೂ ಕಡೆ ಜೋಡಣೆ ಬದಲಿಸಿ: ನೀಲಿ, ಹಸಿರು, ಕಂದು ಮೂರನ್ನೂ ಒಟ್ಟಿಗೆ ಸೇರಿಸಿ ಪ್ಲಸ್‌ಗೆ, ಅವುಗಳ ಜೊತೆಗಾರ ಬಿಳಿ ಪಟ್ಟೆ ತಂತಿಗಳನ್ನು ಮೈನಸ್‌ಗೆ. 3 ವೋಲ್ಟ್ ನಷ್ಟ 1ಕ್ಕೆ ಇಳಿಯುತ್ತದೆ. ಬದಲಿಗೆ 15 ವೋಲ್ಟ್ ಅಡಾಪ್ಟರ್ ಹಾಕೋಣ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಹಗಲು ದೀಪ ಆರಿರುವಾಗ ಕ್ಯಾಮೆರಾಗೆ 14 ವೋಲ್ಟ್ ಬೀಳುತ್ತದೆ, ಸುಟ್ಟುಹೋದರೆ ಅದೂ ಖರ್ಚು ಅಲ್ವಾ? ಅಂಗಳದ ಪಕ್ಕದ ಶೆಡ್‌ನಲ್ಲಿ ಪ್ಲಗ್ ಪಾಯಿಂಟ್ ಇದ್ದರೆ ಅಡಾಪ್ಟರನ್ನು ಅಲ್ಲಿಗೇ ಒಯ್ಯುವುದು ಇನ್ನೂ ಸುಲಭ. ಮಳೆನೀರು ತಾಗದಂತೆ ಡಬ್ಬಿ ಮಾಡಿಸಿ.

ಇಷ್ಟೆಲ್ಲ ಮಾಡುವ ಮೊದಲು ಒಂದು ತಂತಿಯ ತುದಿಯನ್ನು ಬ್ಲೇಡಿನಿಂದ ಕೆರೆದು ನೋಡಿ. ಒಳಗೂ ತಾಮ್ರದ ಬಣ್ಣವೇ ಇದ್ದರೆ ಸರಿ. ಬೆಳ್ಳಗೆ ಕಂಡರೆ ಅದು ತಾಮ್ರದ ಲೇಪ ಕೊಟ್ಟ ಅಲ್ಯುಮಿನಿಯಂ, ನಷ್ಟ ನಾನು ಲೆಕ್ಕ ಹಾಕಿದ್ದಕ್ಕಿಂತ ಜಾಸ್ತಿ. ಆಗ ಮೂರು ಜೋಡಿ ಸೇರಿಸಿದರೂ ಸಾಲದೆ ಹೋಗಬಹುದು. ಕೇಬಲ್ ಬದಲಿಸಲೇಬೇಕಾದರೆ ಅಪ್ಪಟ ತಾಮ್ರದ್ದನ್ನೇ ಕೇಳಿ ತನ್ನಿ.